ಠಾಣೆಯಲ್ಲಿ ಯಾರೂ ಹೇಳದ ಮಾತು

ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮದುವೆಯಾದ ಮಗಳು ಸುಮ್ಮನೆ ಬ್ಯಾಗು ಹಿಡಿದು ತವರಿಗೆ ಬಂದರೆ ನೆರೆಹೊರೆಯವರು ಕೇಳುವುದು ಒಂದೇ ಮಾತು, "ಯಾವಾಗ ವಾಪಸ್ಸು?" ಇದು 2007ರ ಸಂಗತಿ. ಚಾಮರಾಜಪೇಟೆಯ ಕಾವೇರಮ್ಮನವರಿಗೆ ಆ ವಾರವೆಲ್ಲ ಅದೇ ಪ್ರಶ್ನೆ. ಏನು ಹೇಳಿಯಾರು ಪಾಪ. ಗಂಡ ಬಾರಿಸಿದ ಏಟಿಗೆ ಮಗಳು ಆರಾಧನಾಳ ಎಡಗಿವಿ ಕೇಳಿಸದಂತಾಗಿತ್ತು. ಆ ಕಡೆ ನಿಂತು ಊಟಕ್ಕೆ ಕರೆದರೆ ಅವಳು ತಿರುಗುತ್ತಲೇ ಇರಲಿಲ್ಲ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸುತ್ತಿ ಬಂದು ಬಲಗಡೆ ನಿಂತು ಕರೆಯುತ್ತಿದ್ದರು.

ಇದು ಮೊದಲ ಸಲವಲ್ಲ. ಯುಗಾದಿಗೆ ಮುಂಚೆಯೂ ಮೈತುಂಬ ಬಾಸುಂಡೆ ಹೊತ್ತು ಬಂದಿದ್ದಳು. ಆಗ ಪೊಲೀಸ್ ಠಾಣೆಗೆ ಹೋದರು. ಸಾಹೇಬರು ಅಳಿಯನನ್ನು ಕರೆಸಿ ಗದರಿಸಿ, ಇನ್ನು ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, "ಗಂಡ ಹೆಂಡ್ತಿ ವಿಷಯ, ಹೊಂದ್ಕೊಂಡು ಹೋಗಿ" ಎಂದು ಕಳಿಸಿದರು. ಕಾವೇರಮ್ಮ ಮಗಳಿಗೆ ಮಡಿಲು ತುಂಬಿ, ಕೈಯಾರೆ ಆಟೋ ಹತ್ತಿಸಿದರು.

ಈ ಸಲವೂ ದೂರು ಕೊಟ್ಟಿದ್ದರು, ಮತ್ತೆ ಅದೇ ಠಾಣೆಯಿಂದ ಫೋನು ಬಂದಿತ್ತು. ಅಳಿಯ ಒಪ್ಪಿದ್ದಾನಂತೆ, ಭಾನುವಾರ ರಾಜಿ ಮಾಡಿ ಕಳಿಸುತ್ತಾರಂತೆ.

"ಇನ್ನೊಂದು ಸಲ ನೋಡೋಣ ಕಾವೇರಿ," ಎಂದರು ಯಜಮಾನರು ದೊರೆಸ್ವಾಮಿ.

ಪಕ್ಕದ ಮನೆಯ ಶೈಲಜಮ್ಮ ನಿವೃತ್ತ ಟೀಚರು, ಮಹಿಳಾ ಸಂಘದವರು. ಊರವರ ವಿಷಯಕ್ಕೆಲ್ಲ ಮೂಗು ತೂರಿಸುತ್ತಾರೆಂದು ಬೀದಿಯಲ್ಲಿ ಹೆಸರು. ಅವತ್ತು ತೂರಿಸಿದ್ದೇ ಒಳ್ಳೆಯದಾಯಿತು ಅನ್ನಿ.

"ದೊರೆಸ್ವಾಮಿಯವರೇ, ಹೊಡೆತ ತಿನ್ನೋ ಹೆಣ್ಮಕ್ಕಳಿಗೆ ಅಂತ ಹೋದ ವರ್ಷ ಹೊಸ ಕಾಯಿದೆ ಬಂದಿದೆ. ಸರ್ಕಾರ ಒಬ್ಬ ಸಂರಕ್ಷಣಾಧಿಕಾರೀನ ಇಡ್ಬೇಕು. ಅವರ ಮೂಲಕ ಕೋರ್ಟಿಗೆ ಹೋದ್ರೆ, ಅವನು ಇವಳ ಹತ್ರ ಸುಳೀಬಾರ್ದು ಅಂತ ಆದೇಶ ತರಬಹುದು. ವಕೀಲರೂ ಪುಕ್ಕಟೆ. ಇದನ್ನೆಲ್ಲ ಅವಳಿಗೆ ತಿಳಿಸೋದು ಪೊಲೀಸರ ಕರ್ತವ್ಯ. ಠಾಣೇಲಿ ತಿಳಿಸಿದ್ರಾ?"

"ಯಾರೂ ಹೇಳ್ಲಿಲ್ಲ," ಎಂದಳು ಆರಾಧನಾ.

"ಸರ್ಕಾರಕ್ಕೆ ಇದೇ ಕೆಲಸಾನಾ ಶೈಲಜಮ್ಮ?" ಎಂದರು ದೊರೆಸ್ವಾಮಿ. "ನನ್ನ ಸರ್ವೀಸೆಲ್ಲ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲೇ ಕಳೀತು. ಅರ್ಜಿ ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು. ಕಟ್ಟಿ ಬೀರು ಮೇಲೆ ಎಸೀತಾರೆ."

"ಎಂಥ ಅರ್ಜೀನ ಎಸೆಯೋಕ್ಕಾಗಲ್ಲ ಅಂತಾನೂ ನಿಮಗೇ ಗೊತ್ತಿರ್ಬೇಕಲ್ಲ."

ಅಲ್ಲಿಯವರೆಗೆ ಗಂಡನಿಗೆ ಎದುರಾಡದ ಕಾವೇರಮ್ಮ ಬಾಯಿಬಿಟ್ಟರು. "ರೀ, ನಾನು ಕಳಿಸಲ್ಲ. ಮುಂದಿನ ಸಲ ಅವಳೇ ಬರ್ತಾಳೆ ಅಂತ ಏನು ಗ್ಯಾರಂಟಿ? ಬೇರೆ ಯಾರೋ ಬಂದು ಹೇಳಿದ್ರೆ?" ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ದೊರೆಸ್ವಾಮಿಯವರ ಕಣ್ಣೂ ತುಂಬಿತು.

ಮರುದಿನ ಎಲ್ಲರೂ ಅರ್ಜಿ ಬರೆದುಕೊಂಡು ಸಂರಕ್ಷಣಾಧಿಕಾರಿಯ ಕಚೇರಿಗೆ ಹೋದರು. ಕುರ್ಚಿ ಖಾಲಿ. "ಅವರಿಗೆ ಬೇರೆ ಚಾರ್ಜೂ ಇದೆ, ಮುಂದಿನ ವಾರ ಬನ್ನಿ," ಎಂದ ಗುಮಾಸ್ತ.

"ಬರ್ತೀವಿ," ಎಂದರು ದೊರೆಸ್ವಾಮಿ. "ಈಗ ಇದಕ್ಕೆ ನಂಬರ್ ಹಾಕಿ, ಸೀಲ್ ಹೊಡೆದು ಒಂದು ಪ್ರತಿ ನಮಗೆ ಕೊಡಿ. ಸೀಲಿಲ್ಲದ ಅರ್ಜಿ ಬಂದೇ ಇಲ್ಲ ಅಂತ ನಾವೂ ಹೇಳ್ತಿದ್ವಿ." ಸೀಲು ಬೀಳುವವರೆಗೂ ಅವರು ಕದಲಲಿಲ್ಲ.

ಭಾನುವಾರ ಯಾರೂ ಠಾಣೆಗೆ ಹೋಗಲಿಲ್ಲ. ಸಂಘದ ಹೆಂಗಸರು ಕಚೇರಿಗೆ ಅಲೆದೂ ಅಲೆದೂ ಕೊನೆಗೆ ಕೋರ್ಟಿನ ಆದೇಶ ಬಂತು. ಅಳಿಯ ಮತ್ತೆ ಇತ್ತ ತಲೆ ಹಾಕಲಿಲ್ಲ. ಆದರೆ ಮಗಳ ಆ ಕಿವಿ ಇನ್ನು ಕೇಳಿಸುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು.

"ಸದ್ಯ, ನಮ್ಮ ಕೆಲಸ ಮುಗೀತು," ಎಂದರು ದೊರೆಸ್ವಾಮಿ.

"ಮುಗಿದಿಲ್ಲ," ಎಂದರು ಕಾವೇರಮ್ಮ. "ಸರ್ಕಾರಕ್ಕೆ ಇನ್ನೊಂದು ಅರ್ಜಿ ಬರೀರಿ. ಮೊದಲನೇ ದಿನಾನೇ ಠಾಣೇಲಿ ಯಾಕೆ ಹೇಳ್ಲಿಲ್ಲ, ಆ ಕುರ್ಚಿ ಯಾಕೆ ಖಾಲಿ ಇತ್ತು, ಕೇಳಿ. ಅವತ್ತು ಒಬ್ಬರು ಹೇಳಿದ್ರೂ ನಾನು ಮಗಳನ್ನ ಕಳಿಸ್ತಿರ್ಲಿಲ್ಲ."

ದೊರೆಸ್ವಾಮಿ ಬರೆದರು. ಮೊದಲ ರುಜು ಆರಾಧನಾಳದ್ದು. ಉತ್ತರ ಇನ್ನೂ ಬಂದಿಲ್ಲ, ಇವರು ನೆನಪೋಲೆ ಕಳಿಸುವುದನ್ನೂ ಬಿಟ್ಟಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಭಾಗದ ಸಂರಕ್ಷಣಾಧಿಕಾರಿ ಯಾರು, ಎಲ್ಲಿ ಕೂರುತ್ತಾರೆ? ತಿಳಿಯದಿದ್ದರೆ ಇವತ್ತೇ ಹೋಗಿ ಕೇಳಿ. ಠಾಣೆಯಲ್ಲಿ ರಾಜಿ ಮಾಡಿಕೊಳ್ಳಿ ಎಂದರೆ, ಕಾಯಿದೆ ಏನು ಹೇಳುತ್ತದೆಂದು ಕೇಳಿ. ಕುರ್ಚಿ ಖಾಲಿಯಿದ್ದರೆ ನಾಲ್ಕು ಜನ ಸೇರಿ ಬರೆದು ಕೇಳಿ, ಸೀಲು ಹಾಕಿಸಿಕೊಳ್ಳಿ. ಹೆಣ್ಣುಮಕ್ಕಳನ್ನು ಏಟಿನಿಂದ ಕಾಯುವುದು ಸರ್ಕಾರದ ಕೆಲಸ, ಮಾಡಿಸಿಕೊಳ್ಳುವುದು ನಮ್ಮ ಕೆಲಸ. ನಿಮ್ಮ ಮಗಳು ಬಾಗಿಲಿಗೆ ಬಂದು ನಿಲ್ಲುವ ಮುಂಚೆಯೇ ಕೇಳಿ. ಕಾವೇರಮ್ಮ ಕೇಳಿದ್ದು ತಡವಾಯಿತು.