ಪಾಳು ಬಂಗಲೆಯ ಮನೆಯವರು

"ಯಾವ ಮುಂಡೇದು ಇದನ್ನ ತೊಳೆದಿದ್ದು?"

ಸಾಹೇಬರು ಹೀಗೆ ಕೇಳಿದಾಗ ಅತ್ತೆ ಇನ್ನೂ ಏಣಿಯ ಮೇಲೇ ಇದ್ದಳು. ಕೈಯಲ್ಲಿ ಉಜ್ಜುವ ಬ್ರಷ್ಷು, ಮೊಣಕೈವರೆಗೂ ಸೋಪಿನ ನೊರೆ. ಯಾರೋ ಹೊಗಳುತ್ತಿದ್ದಾರೆಂದುಕೊಂಡು ನಗುತ್ತಲೇ ಇಳಿದು ಬಂದಳು.

"ನಾನೇ ಸಾಮಿ. ನಾನೂ ನಮ್ಮ ಸೊಸೆನೂ. ದೊಡ್ಡೋರು ಬರ್ತಾರೆ ಅಂದಿದ್ರಲ್ಲ."

ಬಂಗಲೆಯ ಮುಂಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಮಸಿ, ಪಾಚಿ, ಕಿಟಕಿಗಳ ಕೆಳಗೆ ಮಳೆನೀರು ಎಳೆದಿದ್ದ ಕಂದು ಗೆರೆ, ಯಾವುದೂ ಉಳಿದಿರಲಿಲ್ಲ. ಕಂಬವನ್ನು ತಬ್ಬಿಕೊಂಡಿದ್ದ ಬಳ್ಳಿಯನ್ನು ನಾನೇ ಬೇರುಸಮೇತ ಕಿತ್ತು ಗೋಡೆಯಾಚೆ ಎಸೆದಿದ್ದೆ. ನಾಳೆ ಬೆಳಿಗ್ಗೆಗೆ ಬಂಗಲೆ ರೆಡಿ ಇರಬೇಕು ಎಂದಷ್ಟೇ ಸಾಹೇಬರ ಮೇಸ್ತ್ರಿ ಹೇಳಿಹೋಗಿದ್ದ. ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇತಿಹಾಸ ಕಣೇ ಅದು," ಸಾಹೇಬರು ಗೋಡೆಯತ್ತ ಕೈ ಚಾಚಿದರು. "ಕಾಲ ಕೂತ್ಕೊಂಡು ಬರೆದಿದ್ದನ್ನ ಬಕೆಟ್ ನೀರಲ್ಲಿ ಮೋರಿಗೆ ಬಿಟ್ಟಿದೀರಲ್ಲ, ಕತ್ತೆಗಳಾ."

"ಕೊಳೆ ಸಾಮಿ ಅದು."

"ಬಾಯಿ ಮುಚ್ಚು."

ಅತ್ತೆ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು. ನೊರೆ ಮಾತ್ರ ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಲೇ ಇತ್ತು.

ಸಾಹೇಬರು ನಗರದ ಹಳೆಯ ಕಟ್ಟಡಗಳ ಸಂಘದವರು. ಊರ ಒಳಗೂ ಹೊರಗೂ ಪಾಳು ಬಿದ್ದಿರುವುದನ್ನು ಹುಡುಕುವುದು, ಅದರ ಕಥೆ ಬರೆಯುವುದು, ಗೇಟಿಗೆ ಫಲಕ ಹಾಕುವುದು, ಆಮೇಲೆ ಬಸ್ಸಿನಲ್ಲಿ ಜನ ತುಂಬಿಕೊಂಡು ಬಂದು ತೋರಿಸುವುದು ಅವರ ಕೆಲಸ. ಹಳೆಯ ಜೈಲಿನದು ಮುಗಿದಿತ್ತು. ನೂಲಿನ ಗಿರಣಿಯದೂ ಮುಗಿದಿತ್ತು. ಗಿರಣಿಯ ಗೋಡೆಗೆ ಗಾರೆ ಹಚ್ಚಿದವನು ನನ್ನ ಗಂಡನೇ. ಅವನು ಕೆಲಸ ಹಿಡಿದಾಗ ಅಲ್ಲಿ ಚಿಮಣಿಯ ಬುಡದಲ್ಲಿ ವಾಸವಿದ್ದವರ ಒಲೆಗಳು ಉರಿಯುತ್ತಿದ್ದವು, ಮಕ್ಕಳು ಆಡುತ್ತಿದ್ದವು. ಫಲಕ ಬಂದ ದಿನ ಒಲೆಯ ಕಲ್ಲುಗಳೂ ಇರಲಿಲ್ಲ. ಈಗ ಸರದಿ ಗಿರಣಿಯ ಧಣಿ ಕಟ್ಟಿಸಿದ ಈ ಬಂಗಲೆಯದು.

ಅತ್ತೆಯ ಅತ್ತೆ ಧಣಿಯ ಮನೆಯ ಬಟ್ಟೆ ಒಗೆಯುತ್ತಿದ್ದವಳು. ಗಿರಣಿ ಮುಚ್ಚಿತು, ಧಣಿ ಗಂಟುಮೂಟೆ ಕಟ್ಟಿದ. ಹೊರಡುವಾಗ ಹಿಂಬಾಗಿಲ ಕೀಲಿಯನ್ನು ಅವಳ ಮುಂದೆ ಎಸೆದು "ನೋಡ್ಕೊಂಡಿರು, ಬರ್ತೀನಿ" ಎಂದನಂತೆ. ಬರಲಿಲ್ಲ. ಅವಳು ನೋಡಿಕೊಂಡಳು. ಅವಳು ಕಣ್ಣು ಮುಚ್ಚಿದ ಮೇಲೆ ಅತ್ತೆ ನೋಡಿಕೊಂಡಳು. ನನ್ನ ಗಂಡ ಹುಟ್ಟಿದ್ದು ಬಂಗಲೆಯ ಹಿಂದಿನ ಇಸ್ತ್ರಿ ಕೋಣೆಯಲ್ಲಿ, ನಾವು ಈಗಲೂ ಮಲಗುವುದು ಅಲ್ಲೇ. ಮಳೆಗೆ ಮುಂಚೆ ಸೂರು ಹತ್ತಿ ಹೆಂಚು ಸರಿಮಾಡುವವನು ಅವನು. ಗೆದ್ದಲು ತಿಂದ ತೊಲೆಗೆ ಊರುಗೋಲು ಕೊಟ್ಟವನೂ ಅವನೇ. ಇಲ್ಲದಿದ್ದರೆ ಬಂಗಲೆ ಎಂದೋ ಮಣ್ಣಿನ ದಿಬ್ಬವಾಗಿ ನಾಯಿಗಳು ಹತ್ತಿ ಕೂರುತ್ತಿದ್ದವು.

ಗೇಟಿಗೆ ಫಲಕ ಹಾಕಿದ ದಿನ ಅವನು ಬೆರಳಿಟ್ಟು ಅದನ್ನು ಓದಿದ್ದ.

"ನಮ್ಮದೇನು ಬರೆದವ್ರೆ?" ಎಂದು ಅತ್ತೆ ಕೇಳಿದಳು.

"ಏನೂ ಇಲ್ಲ."

"ಪೂರ್ತಿ ಓದೋ."

"ಪೂರ್ತಿನೇ ಓದಿದ್ದು ಕಣವ್ವ. ಧಣಿಗಳು ಹೋದಾಗಿನಿಂದ ಇಲ್ಲಿ ಮನುಷ್ಯರ ಸುಳಿವಿಲ್ಲ ಅಂತಿದೆ."

"ಹಂಗಾದ್ರೆ ಸೂರಿಗೆ ತೇಪೆ ಹಾಕಿದ್ದು ಯಾರಂತೆ, ದೆವ್ವನಾ?"

"ದೆವ್ವಕ್ಕಾದ್ರೆ ಒಂದು ಸಾಲು ಬರೀತಿದ್ರು."

ಸಾಹೇಬರ ಕಾರು ಹೋದ ಮೇಲೆ ಮೇಸ್ತ್ರಿ ನನ್ನ ಗಂಡನ ಭುಜಕ್ಕೆ ಕೈ ಹಾಕಿ ಬಾವಿಯ ಹತ್ತಿರ ಕರೆದುಕೊಂಡು ಹೋದ.

"ನೋಡು, ಹೊತ್ತು ಮುಳುಗೋದ್ರೊಳಗೆ ಗೋಡೆ ಮುಂಚೆ ಹೆಂಗಿತ್ತೋ ಹಂಗಾಗ್ಬೇಕು. ಮಾಡ್ಕೊಟ್ರೆ ಕಾವಲುಗಾರನ ಕೆಲಸ ನಿಂದು, ಹಿಂದಿನ ಕೋಣೆನೂ ನಿಂದು. ಸಾಹೇಬ್ರ ಹತ್ರ ನಾನು ಮಾತಾಡಿದೀನಿ. ಇಲ್ಲ ಅಂದ್ರೆ ಗಿರಣಿಯೋರು ಎಲ್ಲಿಗೆ ಹೋದ್ರೋ ಅಲ್ಲಿಗೆ."

"ಅವರು ಎಲ್ಲಿಗೆ ಹೋದ್ರು ಮೇಸ್ತ್ರಿ?"

"ನನಗೇನು ಗೊತ್ತು?"

ಕೋಣೆ ಉಳಿಯುತ್ತದೆಂದರೆ ಗೋಡೆಯನ್ನೇನು, ನಮ್ಮ ಮುಖವನ್ನೇ ಬಳಿಯಲು ನಾವು ತಯಾರಿದ್ದೆವು. ಅತ್ತೆ ಒಲೆಯಿಂದ ಮಸಿ ಕೆರೆದು ತಂದಳು. ನಾನು ದೊಡ್ಡ ಪಾತ್ರೆಯಲ್ಲಿ ಟೀಪುಡಿ ಕುದಿಸಿ ಕಿಟಕಿಗಳ ಕೆಳಗೆ ಹೊಯ್ದೆ. ಗಂಡ ಬಾವಿಕಟ್ಟೆಯ ಪಾಚಿಯನ್ನು ಕರಣೆಯಿಂದ ರೊಟ್ಟಿ ಎಬ್ಬಿಸಿದ ಹಾಗೆ ಎಬ್ಬಿಸಿ, ಹಿಂದೆ ಜೇಡಿಮಣ್ಣು ಮೆತ್ತಿ, ಗೋಡೆಗೆ ಅಂಟಿಸುತ್ತಾ ಹೋದ. ಬಳ್ಳಿಯನ್ನು ಹುಡುಕಿ ತಂದು ದಾರದಿಂದ ಕಂಬಕ್ಕೆ ಕಟ್ಟಿದೆವು.

"ಹಳೇದನ್ನ ಹೊಸದು ಮಾಡು ಅಂದೋರೇ ಎಲ್ಲ," ಏಣಿಯ ಮೇಲಿಂದ ಅವನು ಹೇಳಿದ. "ಹೊಸದನ್ನ ಹಳೇದು ಮಾಡು ಅಂದೋನು ಇವನೊಬ್ಬ ಬೋಳಿಮಗ."

"ಮುದುಕಿಗೆ ಸ್ನಾನ ಮಾಡಿಸಿದ್ದು ತಪ್ಪಾಯ್ತಂತೆ, ಈಗ ಸುಕ್ಕು ಬರೀಬೇಕಂತೆ," ಎಂದಳು ಅತ್ತೆ. "ನನ್ನ ಮುಂದೆ ತಂದು ಫಲಕ ನೆಟ್ಟಿದ್ರೆ ಸಾಕಿತ್ತು, ಒಂದು ಚೂರೂ ಖರ್ಚಿಲ್ಲ."

ನಗುತ್ತಲೇ ಅವಳಿಗೆ ಕೆಮ್ಮು ಬಂತು. ಮಸಿ ಎದೆಗೆ ಇಳಿದಿತ್ತು. ಮೇಸ್ತ್ರಿ ದೂರ ನಿಂತು ಕತ್ತು ವಾಲಿಸಿ ನೋಡಿ, ಎಡಗಡೆ ಇನ್ನೊಂದಿಷ್ಟು ದರಿದ್ರ ಬರಲಿ ಎಂದ. ಬರಿಸಿದೆವು.

ಮರುದಿನ ಬಸ್ಸು ಬರುವ ಮುಂಚೆ ಮೇಸ್ತ್ರಿ ಮತ್ತೆ ಬಂದ. ತಂತಿಯ ಮೇಲಿನ ಬಟ್ಟೆ ತೆಗೆಸಿದ. ಕೋಣೆಯೊಳಗಿನ ಒಲೆಗೆ ತಾನೇ ನೀರು ಸುರಿದ. ಕೊಡ, ಪೊರಕೆ, ಗುದ್ದಲಿ, ಹಾರೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಇಸ್ತ್ರಿ ಕೋಣೆಯೊಳಕ್ಕೆ ಸಾಗಿಸಿದ.

"ನೀವೂ ಒಳಗಿರಿ. ಸ್ವಲ್ಪ ಹೊತ್ತು ಅಷ್ಟೇ. ಉಸಿರೆತ್ತಬೇಡಿ."

ಆಮೇಲೆ ಹೊರಗಿನಿಂದ ಸರಪಳಿ ಎಳೆದ ಸದ್ದು, ಬೀಗ ಬಿದ್ದ ಸದ್ದು.

"ಬೀಗ ಯಾಕೆ ಮೇಸ್ತ್ರಿ?" ಎಂದ ನನ್ನ ಗಂಡ.

ಮೇಸ್ತ್ರಿಯ ಚಪ್ಪಲಿಯ ಸದ್ದು ದೂರವಾಯಿತು.

ಕಿಟಕಿಯಿಲ್ಲದ ಕೋಣೆ ಅದು. ಬಾಗಿಲ ಸಂದಿಯಲ್ಲಿ ಬರುವಷ್ಟೇ ಬೆಳಕು. ಅತ್ತೆ ಗೋಡೆಗೆ ಒರಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಳು. ಬಸ್ಸು ಬಂತು. ಮುಂದಿನ ಹಜಾರದಲ್ಲಿ ಹೆಜ್ಜೆಗಳು, ಅಬ್ಬಾ ಎನ್ನುವ ದನಿಗಳು. ಗೋಡೆಯ ಕಲೆಗಳ ಮುಂದೆ ಬಹಳ ಹೊತ್ತು ನಿಂತರು. "ಕಾಲಕ್ಕಿಂತ ದೊಡ್ಡ ಕಲಾವಿದ ಇಲ್ಲ ನೋಡಿ," ಎಂದರು ಸಾಹೇಬರು. ಗಂಡ ಕತ್ತಲಲ್ಲಿ ನನ್ನ ಕಡೆ ನೋಡಿ ತನ್ನ ಎದೆ ಮುಟ್ಟಿಕೊಂಡ. ನನಗೆ ನಗು ಬರಲಿಲ್ಲ.

ಹೆಜ್ಜೆಗಳು ಹಿಂದಕ್ಕೆ ಬಂದವು. ನಮ್ಮ ಬಾಗಿಲ ಮುಂದೆ ನಿಂತವು.

"ಇದು ಆಳುಗಳ ಕಡೆ. ಇದಕ್ಕೆ ಅಂಥ ಮಹತ್ವ ಇಲ್ಲ," ಸಾಹೇಬರ ದನಿ ಹಲಗೆಗೆ ಬಾಯಿಟ್ಟು ಮಾತಾಡಿದಷ್ಟು ಹತ್ತಿರ. "ಬರೋ ವಾರ ಇಷ್ಟನ್ನೂ ಕೆಡವಿ ಕಾರು ನಿಲ್ಲಿಸೋಕೆ ಜಾಗ ಮಾಡ್ತೀವಿ. ಮೇಸ್ತ್ರಿಗೆ ಹೇಳಾಗಿದೆ."

ನನ್ನ ಗಂಡ ಅಲುಗಲಿಲ್ಲ. ಅವನ ಕೈ ಮಾತ್ರ ನೆಲ ಸವರುತ್ತಿತ್ತು, ಅಲ್ಲಿ ಏನೋ ಚೆಲ್ಲಿದ್ದನ್ನು ಹುಡುಕುವವನ ಹಾಗೆ. ಅತ್ತೆ ತಡೆದಿಟ್ಟಿದ್ದ ಕೆಮ್ಮು ಆಗ ಒತ್ತಿಕೊಂಡು ಬಂತು. ಬಟ್ಟೆಯನ್ನೂ ದಾಟಿ ಕೋಣೆಯೆಲ್ಲ ತುಂಬಿತು.

"ಅಯ್ಯೋ, ಒಳಗೆ ಯಾರೋ ಇದಾರೆ," ಹೆಂಗಸಿನ ದನಿ.

"ಬಾವಲಿ," ಎಂದರು ಸಾಹೇಬರು. "ಪಾಳು ಬಿದ್ದ ಕಡೆ ಇರ್ತಾವೆ."

ಹೊರಗೆ ಎಲ್ಲರೂ ಒಟ್ಟಿಗೆ ನಕ್ಕರು.

ಅತ್ತೆ ಬಾಯಿಂದ ಬಟ್ಟೆ ತೆಗೆದಳು. "ಏಳೋ," ಎಂದಳು ಮಗನಿಗೆ. ಪಿಸುಮಾತಿನಲ್ಲಿ ಅಲ್ಲ, ದಿನಾ ಬೆಳಿಗ್ಗೆ ಎಬ್ಬಿಸುವ ದನಿಯಲ್ಲಿ.

ಹೊರಗಿನ ನಗು ನಿಂತಿತು. ಅವನು ಹಾರೆ ತೆಗೆದುಕೊಂಡ. ಹಳೆಯ ಕಾಲದ ಬಾಗಿಲು ಅದು, ಕೀಲುಗಳಿರಲಿಲ್ಲ. ಒಂದು ಬದಿಯ ಗೂಟ ಹೊಸ್ತಿಲ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಅವನು ಆ ಬದಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದ. ನಾನು ಭುಜ ಕೊಟ್ಟೆ. ಗೂಟ ಕುಳಿಯಿಂದ ಎದ್ದಿತು. ಬಾಗಿಲು ಒಳಕ್ಕೆ ವಾಲಿತು, ಆ ಕಡೆ ಬೀಗ ಸರಪಳಿಗೆ ಕಚ್ಚಿಕೊಂಡೇ ಇತ್ತು. ಬಿಸಿಲು ನಮ್ಮ ಮೇಲೆ, ಹಾಸಿಗೆಯ ಸುರುಳಿಯ ಮೇಲೆ, ನೆನೆದ ಒಲೆಯ ಮೇಲೆ ಬಿತ್ತು.

ಹೊರಗೆ ಒಳ್ಳೆಯ ಬಟ್ಟೆ ತೊಟ್ಟ ಜನ ಹಿಂದೆ ಹಿಂದೆ ಸರಿಯುತ್ತಿದ್ದರು. ಯಾರದೋ ಕ್ಯಾಮೆರಾ ಕಣ್ಣಿನವರೆಗೆ ಏರಿ ಅಲ್ಲೇ ನಿಂತಿತ್ತು. ಸಾಹೇಬರು ಮೇಸ್ತ್ರಿಯನ್ನು ಹುಡುಕುತ್ತಿದ್ದರು.

ಅತ್ತೆ ಹೊಸ್ತಿಲಿಗೆ ಬಂದಳು. ಕೂದಲು ಸರಿಮಾಡಿಕೊಂಡಳು. ಬಾಗಿಲು ತಟ್ಟಿದವರನ್ನು ಮನೆಯವರು ಕೇಳುವ ಹಾಗೆ ಕೇಳಿದಳು:

"ಯಾರು ಬೇಕಾಗಿತ್ತು?"