ಬೆರಳಿನ ಅಳತೆ

ಬೆಟಗೇರಿಯಲ್ಲಿ ಕೆಂಪು ನೂಲೆಂದರೆ ನಜೀರಸಾಬರದ್ದೇ ಎಂದು ಜನ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಅದೇ ಬಾಯಿಗಳು ಬೇರೆ ರಾಗ ಎಳೆಯುತ್ತಿದ್ದವು. ಎರಡು ತಿಂಗಳಲ್ಲಿ ಎರಡು ಸಲ ಅವರ ಕೆಂಪು ಬಿಳಿಚಿಕೊಂಡು ಬಂದಿತ್ತು. ಎರಡು ಸಲವೂ ಕೆಟ್ಟದ್ದು ನೇಕಾರ ಅಂದಾನಪ್ಪನವರ ನೂಲು, ಮೂವತ್ತು ವರ್ಷದ ಗಿರಾಕಿ ಅವರು. ಆ ಭಾನುವಾರ ಬೆಳಿಗ್ಗೆ ಹತ್ತು ಲಡಿ ಬಿಳಿ ನೂಲು ತಂದು ಕಟ್ಟೆಯ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ನಜೀರಸಾಬರಿಗೆ ಎಷ್ಟೋ ಹಗುರಾಗುತ್ತಿತ್ತು. ಇದೊಂದು ಸಲ ನೋಡೋಣ, ಆಗದಿದ್ದರೆ ಇನ್ನು ಮುಂದೆ ಫ್ಯಾಕ್ಟರಿಯ ಬಣ್ಣದ ನೂಲನ್ನೇ ತರಿಸಿಕೊಳ್ಳುತ್ತೇನೆ ಎಂದು ಮೆಲ್ಲಗೆ ಹೇಳಿ ಹೋದರು. ಅವರು ಬಿಟ್ಟರೆ ಉಳಿದ ನಾಲ್ಕು ಮಗ್ಗದವರೂ ಬಿಡುತ್ತಾರೆ. ಆಮೇಲೆ ತೊಟ್ಟಿ ಬೋರಲು ಹಾಕುವುದಷ್ಟೇ.

ನಜೀರಸಾಬರಿಗೆ ಅರವತ್ತಮೂರು. ತೊಟ್ಟಿಗೆ ಎಂಟು ಕೊಡ ನೀರು ಹೊಯ್ಯುವಷ್ಟರಲ್ಲೇ ಸೊಂಟ ಮಾತಾಡತೊಡಗಿತ್ತು. ಬಣ್ಣ ಕರಗಬೇಕಾದರೆ ಮೊದಲು ನೀರಿಗೆ ಕಾಸ್ಟಿಕ್ ಸೋಡಾದ ಚಕ್ಕೆ ಬೀಳಬೇಕು. ಕಡಿಮೆಯಾದರೆ ಬಣ್ಣ ಕರಗದು, ಹೆಚ್ಚಾದರೆ ನೂಲಿಗೆ ಹತ್ತದೆ ನೀರಲ್ಲೇ ಉಳಿಯುತ್ತದೆ. ಎಷ್ಟು ಹಾಕಬೇಕೆಂದು ಈ ಮನೆಯಲ್ಲಿ ಯಾರೂ ತೂಗಿದವರಲ್ಲ. ಚಕ್ಕೆ ಹಾಕಿ, ಕರಗಿಸಿ, ಕೈ ಅದ್ದಿ ಹೆಬ್ಬೆರಳಿಗೆ ತೋರುಬೆರಳು ಉಜ್ಜಬೇಕು. ಸಾಬೂನು ಹಚ್ಚಿದಂತೆ ಜಾರಿದರೆ ಹದ ಬಂತು. ಕೆಲಸ ಮುಗಿದ ಮೇಲೆ ನೂಲಿಗೆ ಕೊನೆಯ ಸಲ ಹುಳಿನೀರು ಕೊಡುವ ತೊಟ್ಟಿಯಲ್ಲೇ ಜಾರಿಕೆ ಹೋಗುವ ತನಕ ಕೈ ತೊಳೆಯಬೇಕು. ಹನ್ನೆರಡನೇ ವಯಸ್ಸಿನಲ್ಲಿ ತಂದೆ ಅವರ ಮಣಿಕಟ್ಟು ಹಿಡಿದು ಇದೇ ತೊಟ್ಟಿಗೆ ಅದ್ದಿ ಕಲಿಸಿದ್ದರು. ಕೈಗವಸು ಹಾಕಿಕೊಂಡ ಕೈ ಕುರುಡು ಎಂಬುದು ತಂದೆಯ ನಂಬಿಕೆ, ನಜೀರಸಾಬರದ್ದೂ ಅದೇ. ಐವತ್ತು ವರ್ಷ ಈ ಎರಡು ಬೆರಳಿನ ಮೇಲೆ ಸಂಸಾರ ನಿಂತಿತ್ತು.

ಒಂದು ಹಿಡಿ ಹಾಕಿ ಬೆರಳು ಉಜ್ಜಿದರು. ಏನೂ ತಿಳಿಯಲಿಲ್ಲ. ಇನ್ನೊಂದು ಹಿಡಿ ಹಾಕಿದರು. ಬೆರಳು ಯಾರದೋ ಎಂಬಂತೆ ಸುಮ್ಮನಿತ್ತು. ಕಳೆದ ಎರಡು ಸಲವೂ ಹೀಗೇ ಆಗಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು.

ಕಟ್ಟೆಯ ಆ ತುದಿಯಲ್ಲಿ ಸೊಸೆ ಕೌಸರ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ವಾರದ ಆರು ದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬರುವವಳಿಗೆ ಏಳನೆಯ ದಿನವನ್ನು ಈ ಕಟ್ಟು ನುಂಗುತ್ತಿತ್ತು. ಆಮ್ಲ, ಪ್ರತ್ಯಾಮ್ಲಗಳು ನೀರಿನಲ್ಲಿ ಹೇಗೆ ಅಯಾನುಗಳಾಗುತ್ತವೆ ಎಂಬುದು ಪ್ರಶ್ನೆ. ಆಮ್ಲವು ನೀರನ್ನು ಕಂಡು ಅಂಜಿ ಒಡೆಯುತ್ತದೆ ಎಂದು ಒಬ್ಬ ಬರೆದಿದ್ದ. ನಗುವ ಶಕ್ತಿ ಇಲ್ಲದೆ ಅರ್ಧ ಅಂಕ ಕೊಟ್ಟು ತಲೆ ಎತ್ತಿದಳು. ಮಾವ ಮೂರನೆಯ ಹಿಡಿ ಹಾಕಲು ಡಬ್ಬಿಗೆ ಕೈ ಇಟ್ಟಿದ್ದರು.

ಅವಳು ಎದ್ದು ಬಂದು ತಡೆದಳು. ಆಮ್ಲ, ಪ್ರತ್ಯಾಮ್ಲ ಗುರುತಿಸುವ ಶಾಲೆಯ ಪಿಎಚ್ ಕಾಗದ ಚೀಲದಲ್ಲೇ ಇತ್ತು. ಒಂದು ಪಟ್ಟಿ ಹರಿದು ನೀರಿಗೆ ಅದ್ದಿದಳು. ಕಾಗದ ಕಪ್ಪಿಗೆ ತಿರುಗುವಷ್ಟು ನೀಲಿಯಾಯಿತು. ಈಗಲೇ ಹೆಚ್ಚಾಗಿದೆ ಎಂದಳು. ತನ್ನ ಬೆರಳು ಕಡಿಮೆ ಎನ್ನುತ್ತಿದೆ ಎಂದು ನಜೀರಸಾಬರು ಸಿಡುಕಿದರು. ಕಾಗದದ ಚೂರೊಂದು ಐವತ್ತು ವರ್ಷಕ್ಕೆ ಎದುರು ಮಾತಾಡುವುದೆಂದರೇನು?

ಅವಳು ಅವರ ಕೈ ಹಿಡಿದು ನೋಡಿದಳು. ಬೆರಳ ತುದಿಗಳು ನುಣ್ಣಗಾಗಿ ರೇಖೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಯಾಕೆ ಗುರುತಿಸುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ತರಗತಿಯಲ್ಲಿ ಹೇಳುವಷ್ಟೇ ನಿಧಾನವಾಗಿ ಹೇಳಿದಳು. ಒಣ ಚಕ್ಕೆ ಡಬ್ಬಿಯಲ್ಲಿ ಸುಮ್ಮನಿರುತ್ತದೆ. ನೀರು ಸಿಕ್ಕಿತೋ, ಅದರೊಳಗಿನ ಜೋಡಿ ಬಿಡಿಬಿಡಿಯಾಗುತ್ತದೆ, ಸೋಡಿಯಂ ಅಯಾನು ಒಂದು ಕಡೆ, ಹೈಡ್ರಾಕ್ಸೈಡ್ ಅಯಾನು ಒಂದು ಕಡೆ. ಈ ಎರಡನೆಯದು ಚರ್ಮದ ಜಿಡ್ಡು ಹಿಡಿದು ಅದನ್ನೇ ಸಾಬೂನು ಮಾಡುತ್ತದೆ. ಹುಳಿನೀರಿನ ಆಮ್ಲ ಬಿಟ್ಟುಕೊಡುವ ಹೈಡ್ರೋಜನ್ ಅಯಾನು ಬಂದು ಕೂಡಿಕೊಂಡಾಗಲೇ ಅದು ತಿರುಗಿ ಬರಿ ನೀರಾಗಿ ತಣ್ಣಗಾಗುವುದು.

"ಹಂಗಾರ ಆ ಜಾರಿಕಿ ನೀರಿಂದಲ್ಲೇನು?" ಎಂದರು ನಜೀರಸಾಬರು.

"ಅಲ್ರಿ ಮಾಮಾ. ನಿಮ್ಮ ಚರ್ಮದ್ದು. ನಿಮ್ಮ ಬೆರಳ ಕರಗಿ ಸಾಬೂನ ಆಗತಿತ್ತು."

ನಜೀರಸಾಬರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹದ ಬಂತು ಎಂದು ತಂದೆ ಬೆನ್ನು ತಟ್ಟಿದ ಆ ದಿನದಿಂದ ತಾವು ನೀರನ್ನು ಓದುತ್ತಿದ್ದೇವೆ ಎಂದುಕೊಂಡಿದ್ದರು. ಓದಿದ್ದು ತಮ್ಮ ಮೈಯನ್ನೇ. ತಂದೆಯ ಕೊನೆಗಾಲದಲ್ಲಿ ಅವರ ಬೆರಳು ಬಿಸಿ ಚಹಾದ ಬಸಿ ಹಿಡಿದರೂ ಸುಡುತ್ತಿರಲಿಲ್ಲ, ಅದನ್ನು ಗಟ್ಟಿ ಕೈ ಎಂದು ಊರೆಲ್ಲ ಹೊಗಳಿತ್ತು. ಅವರಿಗೆ ಅಳು ಬಂದಿತ್ತು, ಅಳುವುದಕ್ಕೂ ಬೇಸರವಾಗಿತ್ತು.

ಕೌಸರ ಅಡಿಗೆಮನೆಯ ತಕ್ಕಡಿ ತಂದಿಟ್ಟಳು. ಆ ಕ್ಷಾರದ ನೀರಿಗೆ ಕಾಗದ ತಿಳಿಹಸಿರಾಗುವ ತನಕ ಹುಳಿನೀರು ಕೂಡಿಸಿ ಚೆಲ್ಲಿದರು. ಬಣ್ಣದ ಡಬ್ಬಿಯ ಮೇಲೆ ಅಚ್ಚಾಗಿದ್ದ ಲೆಕ್ಕವನ್ನು ನಜೀರಸಾಬರು ಮೊದಲ ಸಲ ಓದಿಸಿದರು. ಹೊಸ ನೀರಿಗೆ ಅಷ್ಟೇ ಚಕ್ಕೆ ತೂಗಿ, ಕೌಸರ ಕೊಟ್ಟ ರಬ್ಬರ್ ಕೈಗವಸು ಹಾಕಿಕೊಂಡು ಕರಗಿಸಿದರು. ಕೈ ತೊಟ್ಟಿಯ ಹತ್ತಿರ ಹೋಗಿ ಹೋಗಿ ಬರುತ್ತಿತ್ತು, ಹಾಳಾದ ರೂಢಿ.

ಸಂಜೆ ಅಂದಾನಪ್ಪ ಬಂದಾಗ ಲಡಿಗಳು ಹಗ್ಗದ ಮೇಲೆ ಮೊದಲಿನ ಕೆಂಪಿನಲ್ಲೇ ತೂಗುತ್ತಿದ್ದವು. ಅವರು ಎಳೆ ಬಿಡಿಸಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು, ಮುಖ ಅರಳಿತು. ನಜೀರಸಾಬರ ಕೈ ಹಿಡಿದುಕೊಂಡು, ಕೈ ಮತ್ತೆ ಬಂತಲ್ಲ ಎಂದರು. ಹೌದೆಂದಿದ್ದರೆ ಎಲ್ಲ ಮೊದಲಿನಂತಾಗುತ್ತಿತ್ತು. ಆ ಹೊಗಳಿಕೆ ನಜೀರಸಾಬರಿಗೆ ನುಂಗಲಾಗಲಿಲ್ಲ.

"ಕೈ ಅಲ್ರಿ ಅಂದಾನಪ್ಪಾರ. ಡಬ್ಬಿ ಮ್ಯಾಗ ಬರದಿದ್ದಷ್ಟ ತೂಗಿ ಹಾಕೇನಿ."

ಅಂದಾನಪ್ಪ ಕೈ ಬಿಟ್ಟು ಲಡಿಗಳನ್ನು ಮಡಚತೊಡಗಿದರು. ಕೆಟ್ಟ ಮನುಷ್ಯರಲ್ಲ, ಆದರೆ ಮಗ್ಗದ ಬದುಕು ಯಾರಲ್ಲೂ ದಾಕ್ಷಿಣ್ಯ ಉಳಿಸಿಲ್ಲ. ತೂಗಿ ಹಾಕುವುದಷ್ಟೇ ಆದರೆ ಮನೆಯಲ್ಲಿ ತಮ್ಮ ಹೆಂಡತಿ ಸುಮಿತ್ರವ್ವನೂ ಹಾಕಿಯಾಳು, ಇಲ್ಲಿಯ ತನಕ ಯಾಕೆ ಹೊತ್ತು ತರಬೇಕು ಎಂದು ನೂಲಿನ ಕಡೆ ನೋಡುತ್ತಲೇ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಕೌಸರ ಮಾವನ ಮುಖ ನೋಡಿದಳು. ನಜೀರಸಾಬರು ತಾವೇ ಲೆಕ್ಕ ಹೇಳಿದರು, ಎಷ್ಟು ಕೊಡ ನೀರಿಗೆ ಎಷ್ಟು ಗ್ರಾಂ, ಎಷ್ಟು ಹೊತ್ತು. ಅಂದಾನಪ್ಪ ಲಡಿಗಳನ್ನು ಹೆಗಲಿಗೇರಿಸಿ ಹೊರಟರು. ಓಣಿಯ ತಿರುವಿನ ತನಕ ಹೋದವರನ್ನು ನಜೀರಸಾಬರು ನಿಲ್ಲಿಸಿ, ಹಿಂದೆಯೇ ಹೋಗಿ, ತಮ್ಮ ರಬ್ಬರ್ ಕೈಗವಸುಗಳನ್ನು ಅವರ ಕೈಗಿಟ್ಟರು.

"ನೀರು ಜಾರತೈತೇನ ಅಂತ ನೋಡಾಕ ಸುಮಿತ್ರವ್ವಾರ್ನ ಕೈ ಅದ್ದಾಕ ಬಿಡಬ್ಯಾಡ್ರಿ."