ಕುತ್ತಿಗೆಯ ಮೇಲಿನ ಬಿರುಕು

ಪುತ್ತೂರು ಪೇಟೆಗೆ ದೊಡ್ಡ ಮಾಲ್ ಬಂದ ಮೇಲೆ ಅದರ ಹಿಂದಿನ ಓಣಿಗೆ ಜನ ಕಾಲಿಡುವುದನ್ನೇ ಬಿಟ್ಟಿದ್ದರು. ಕೊಡೆ ರಿಪೇರಿಯ ಕಾಸಿಂ, ಹೂವಿನ ಶೀಲಾವತಿ, ಇನ್ನು ಕೆಲವು ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದರು. ನರಿಮೊಗರು ಶಾಲೆಯ ಚಿತ್ರಕಲಾ ಶಿಕ್ಷಕಿ ನಿಶ್ಮಿತಾ ಒಮ್ಮೆ ಕೊಡೆ ಸರಿಮಾಡಿಸಲು ಬಂದವಳು, ಓಣಿಯ ಕೊನೆಯಲ್ಲಿದ್ದ ಹಳೆಯ ಕಟ್ಟಡದ ಎತ್ತರದ ಬೋಳು ಗೋಡೆಯನ್ನು ಕಂಡು, "ಇದರ ಮೇಲೆ ನಿಮ್ಮನ್ನೆಲ್ಲ ಬರೆಯಲಾ?" ಎಂದು ಕೇಳಿದಳು.

ಬೇಸಿಗೆ ರಜೆಯಿಡೀ ಅಟ್ಟಣಿಗೆ ಕಟ್ಟಿ ಬರೆದಳು. ಗೋಡೆಯ ಮೇಲೆ ಎರಡು ಮಾಳಿಗೆಯೆತ್ತರಕ್ಕೆ ಶೀಲಾವತಿ ಮಲ್ಲಿಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕಾಸಿಂ ಕೊಡೆ ಬಿಡಿಸಿ ನಗುತ್ತಿದ್ದ. ಫೋಟೊ ತೆಗೆಯಲು ಸುಳ್ಯ, ಕಡಬದಿಂದೆಲ್ಲ ಜನ ಬಂದರು. ಬಂದವರು ಹೂವು ಕೊಂಡರು, ಎಳನೀರು ಕುಡಿದರು. ಭಾನುವಾರ ಸಂಜೆ ಗೋಡೆಯ ಬುಡದಲ್ಲಿ ಕುರ್ಚಿ ಹಾಕಿ ಹಾಡುವುದು, ಹರಟುವುದು ಶುರುವಾಯಿತು.

ಒಂದು ಬೆಳಿಗ್ಗೆ ಚಿತ್ರದ ಕಾಸಿಮನ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು.

"ಎಂತ ಟೀಚರೇ, ನನ್ನ ಕುತ್ತಿಗೆ ಕೊಯ್ದದ್ದಾ?" ಎಂದು ಕಾಸಿಂ ನಕ್ಕ.

ನಿಶ್ಮಿತಾ ಗೋಡೆಗೆ ಪುಟ್ಟಿ ಮೆತ್ತಿ ಬಣ್ಣ ಹಚ್ಚಿದಳು. ಬಿರುಕು ಮತ್ತೆ ಬಾಯಿ ಬಿಟ್ಟಿತು. ಈ ಸಲ ಶೀಲಾವತಿಯ ಕೈಯನ್ನೂ ದಾಟಿತ್ತು. ಅನುಮಾನ ಬಂದು ನಿಶ್ಮಿತಾ ಕಟ್ಟಡದ ಮೇಲೆ ಹತ್ತಿ ನೋಡಿದಳು. ಹಳೆಯ ಕೆಂಪುಕಲ್ಲಿನ ಗೋಡೆಯ ಮೇಲೆ ಹೊಸ ಮಾಳಿಗೆ ಏಳುತ್ತಿತ್ತು. ಕಬ್ಬಿಣ, ಜಲ್ಲಿ, ಅಂಚಿನಲ್ಲೇ ತುಂಬಿ ನಿಂತ ನೀರಿನ ಟ್ಯಾಂಕಿ.

"ನಿಮ್ಮ ಚಿತ್ರ ನೋಡ್ಲಿಕ್ಕೇ ಅಲ್ವಾ ಜನ ಬರುದು," ಎಂದ ಕಟ್ಟಡದ ಮಾಲೀಕ ಕೃಷ್ಣಮೋಹನ. "ಹಾಗಾಗಿ ಮೇಲೆ ಹೋಟೆಲ್ ಮಾಡುದು. ಗೋಡೆಗೆ ಎಂತ ಆಗುದಿಲ್ಲ, ಅಜ್ಜ ಕಟ್ಟಿಸಿದ್ದು."

ಆ ಭಾರವನ್ನು ಮೇಲೆ ಹತ್ತಿಸಿದ್ದು ನಿಶ್ಮಿತಾಳ ಚಿತ್ರವೇ. ಕೆಳಗಿಳಿದವಳು ಅಂಗಡಿಯವರಿಗೆ, "ಇನ್ನು ಆ ಬುಡದಲ್ಲಿ ಯಾರೂ ಕೂರುದು ಬೇಡ," ಎಂದಳು.

"ಈಗಷ್ಟೇ ನಾಲ್ಕು ಜನ ಬರ್ಲಿಕ್ಕೆ ಶುರುವಾದದ್ದು," ಎಂದು ಶೀಲಾವತಿ ಮುಖ ಸಿಂಡರಿಸಿದಳು. "ಅಪಶಕುನ ಮಾತಾಡ್ಬೇಡಿ ಮಾರಾಯ್ರೆ."

ಮುಂದಿನ ಭಾನುವಾರ ನಿಶ್ಮಿತಾ ಬರುವಾಗ ಕುರ್ಚಿಗಳು ಆಗಲೇ ತುಂಬಿದ್ದವು. ಬಿರುಕು ಕುರ್ಚಿಗಳ ಎತ್ತರಕ್ಕೆ ಇಳಿದಿತ್ತು. ಅವಳ ಬೆರಳು ಅದರೊಳಗೆ ಹೋಯಿತು. ಏಳಿ ಎಂದರೂ ಕೂತವರು ಏಳಲಿಲ್ಲ. ಅವಳು ಕಾಸಿಮನ ಅಂಗಡಿಯಲ್ಲಿಟ್ಟಿದ್ದ ಕಪ್ಪು ಬಣ್ಣದ ಡಬ್ಬಿ ತೆರೆದು, ಉದ್ದ ಕೋಲಿಗೆ ಕಟ್ಟಿದ ರೋಲರನ್ನು ಅದ್ದಿ, ಚಿತ್ರದ ಮುಖಗಳ ಮೇಲೆ ಎಳೆಯತೊಡಗಿದಳು.

"ಹುಚ್ಚು ಹಿಡಿದದ್ದಾ ನಿಮಗೆ?" ಶೀಲಾವತಿ ಅವಳ ರಟ್ಟೆ ಹಿಡಿದೆಳೆದಳು.

"ಇನ್ನು ಇಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ. ಹೋಗಿ, ಎಲ್ಲರೂ ಹೋಗಿ!"

ಜನ ಬೈಯುತ್ತ ಎದ್ದು ಹೋದರು. ಕೋಲು ಕಿತ್ತುಕೊಳ್ಳಲು ಬಂದ ಕಾಸಿಮನ ಹೆಗಲ ಮೇಲೆ ಕೆಂಪು ಪುಡಿ ಉದುರಿತು. ಅವನು ತಲೆಯೆತ್ತಿ ನೋಡಿದ. ನಗು ಮಾಯವಾಯಿತು.

"ಶೀಲಾ, ಹೂವು ಬಿಡು. ಹೊರಗೆ ಬಾ. ಬೇಗ!"

ಉಳಿದ ಅಂಗಡಿಯವರ ಹಿಂದೆಯೇ ಮೂವರೂ ಓಣಿಯ ಇನ್ನೊಂದು ತುದಿ ಮುಟ್ಟಿದ್ದರಷ್ಟೇ. ಮೊದಲು ಟ್ಯಾಂಕಿ ವಾಲಿತು. ಆಮೇಲೆ ಕಪ್ಪು ಬಳಿದ ಮುಖಗಳು ಮಡಚಿಕೊಂಡು ಅಂಗಡಿಗಳ ಮೇಲೆ ಬಿದ್ದವು. ಧೂಳು ಅಡಗಿದಾಗ ಓಣಿಯೇ ಇರಲಿಲ್ಲ. ಜೀವ ಹೋದವರು ಯಾರೂ ಇಲ್ಲ.

ಅಟ್ಟಣಿಗೆಗೆಂದು ಟೀಚರು ಕೊರೆದ ತೂತುಗಳಿಂದಲೇ ಗೋಡೆ ಬಿದ್ದದ್ದು ಎಂದು ಕೃಷ್ಣಮೋಹನ ಪೇಟೆಯೆಲ್ಲ ಹೇಳಿಕೊಂಡು ಬಂದ. ನಂಬಿದವರೇ ಹೆಚ್ಚು. ಕಾಸಿಂ ಮಗಳ ಮನೆಗೆಂದು ಕಬಕಕ್ಕೆ ಹೋದವನು ಮರಳಲಿಲ್ಲ. ಶೀಲಾವತಿ ರಸ್ತೆಬದಿಯಲ್ಲಿ ಬುಟ್ಟಿಯಿಟ್ಟು ಕೂತಳು. ನಿಶ್ಮಿತಾ ಹತ್ತಿರ ಬಂದಾಗ ಅವಳು ತಲೆಯೆತ್ತದೆ ಪಿಸುಗುಟ್ಟಿದಳು:

"ಇಲ್ಲಿ ನಿಲ್ಬೇಡಿ ಟೀಚರೇ. ಆ ಕೃಷ್ಣಮೋಹನನ ಜನ ನೋಡ್ತಾ ಇದ್ದಾರೆ. ಮೇಲಿನ ಮಾಳಿಗೆಯ ವಿಷಯ ಯಾರೂ ಮಾತಾಡ್ಬಾರ್ದಂತೆ."

ಎದುರುಗಡೆ ನಿಂತ ಜೀಪಿನಿಂದ ಇಬ್ಬರು ಇಳಿದರು. ನಿಶ್ಮಿತಾ ಅವರನ್ನು ನೋಡಿದಳು. ಆಮೇಲೆ ಶೀಲಾವತಿಯ ಪಕ್ಕ ನೆಲದ ಮೇಲೆ ಕೂತು, ಹೂ ಕಟ್ಟುವ ಬಾಳೆನಾರು ಸೀಳತೊಡಗಿದಳು. ಆ ಇಬ್ಬರು ರಸ್ತೆ ದಾಟುತ್ತಿದ್ದರು.